ಒಳಕ್ಕೆ ತೆರೆಯುವ ಬಾಗಿಲು

ಬಾಗಿಲಿಲ್ಲದ ಒಂದು ಚೌಕಟ್ಟು. ಅದರೊಳಗೆ, ಯಾರೋ ಅಳತೆ ನೋಡಿ ಕೂರಿಸಿದಂತೆ, ಬೆಳಗಿನ ಒಂದು ತುಣುಕು. ಎಲ್ಲಕ್ಕಿಂತ ಈಚೆಗೆ ಹೊಸ್ತಿಲು, ನಡುವೆ ಸವೆದು ದೋಣಿಯ ಹಾಗೆ ತಗ್ಗಾದದ್ದು. ಅದರ ಕೆಳಗೆ ಒಂದೇ ಒಂದು ಕಲ್ಲಿನ ಮೆಟ್ಟಿಲು. ಮೆಟ್ಟಿಲಿಗೆ ಆತುಕೊಂಡಂತೆ, ನೆಲದಿಂದ ಗೇಣುದ್ದ ಎದ್ದ ಇನ್ನೊಂದು ಕಲ್ಲು. ಅದರ ನೆತ್ತಿಯನ್ನು ಈಚೆಗೆ ಯಾರೋ ಉಜ್ಜಿ ತೊಳೆದಿದ್ದಾರೆ, ಅಲ್ಲಿ ಕೊರೆದ ಎರಡು ಗೆರೆಗಳು ಒಂದನ್ನೊಂದು ಹಾದುಹೋಗಿವೆ. ಆಮೇಲೆ ನೆಲ. ಹುಲ್ಲಿನ ಎಸಳೂ ಇಲ್ಲದ, ಬೂದಿಬಣ್ಣವೆನ್ನಲಾಗದ, ಬಿಳಿಯೆನ್ನಲೂ ಆಗದ ನೆಲ. ಒಬ್ಬಾಳು ಅಡ್ಡಡ್ಡ ಮಲಗಿದರೆ ನೆತ್ತಿ ಈ ಕಡೆಗೂ ಅಂಗಾಲು ಆ ಕಡೆಗೂ ತಾಗುವಷ್ಟು ಅಗಲ. ನೆಲ ಮುಗಿದಲ್ಲಿ ಎದೆಯೆತ್ತರದ ಗೋಡೆ, ಗೋಡೆಯ ಬಲಮೂಲೆಯಲ್ಲಿ ಇಂದು ಮುಂಜಾನೆಯಷ್ಟೇ ತೆರೆದ ಬಾಯಿ, ಒಸಡಿನಂತೆ ಕೆಂಪಗೆ ಕಾಣುವ ಒಡೆದ ಇಟ್ಟಿಗೆಗಳ ಸಾಲು. ಆ ಬಾಯಿಯ ಮೂಲಕ ಯಾರೋ ನಿಲ್ಲಿಸಿದ ಸೈಕಲ್ಲಿನ ಅರ್ಧ ಚಕ್ರ, ಹಗ್ಗದ ಮೇಲೆ ಮಗುವಿನ ಹಳದಿ ಅಂಗಿ, ಎರಡೂ ತೋಳು ಇಳಿಬಿಟ್ಟುಕೊಂಡು. ಗಾಳಿಯಿಲ್ಲ. ಯಾವುದೂ ಅಲುಗುತ್ತಿಲ್ಲ. ಬೆಳಕು ಕೂಡ ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಮೇಲೆ ನಿಂತು ಯೋಚಿಸುತ್ತಿರುವಂತಿದೆ.

ಅಡಿಗೆಮನೆಯ ಮರದ ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕೂತ ಮೇಟ್ರನ್ ಈ ಚಿತ್ರವನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಹೆರಿಗೆ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ಎಷ್ಟೋ ಕಾಲವಾಗಿತ್ತು. ಆದರೂ ಬೀದಿಯಲ್ಲಿ ಆಕೆಗೆ ಬೇರೆ ಹೆಸರಿರಲಿಲ್ಲ, ಇರಬೇಕೆಂದು ಆಕೆಗೂ ಅನ್ನಿಸಿರಲಿಲ್ಲ. ಗಂಜಿ ಹಾಕಿದ ಬಿಳಿಯ ಟೋಪಿ ತಲೆಯಿಂದ ಇಳಿದರೂ ಅದನ್ನು ಹೊತ್ತ ಕತ್ತು ಹಾಗೆಯೇ ಉಳಿದಿತ್ತು. ಕಿತ್ತ ಬಾಗಿಲನ್ನು ಬಡಗಿ ಒಲೆಯ ಪಕ್ಕದ ಗೋಡೆಗೆ ಒರಗಿಸಿ, ಸ್ಕ್ರೂ ತರಲು ಹೋಗಿದ್ದ. ಅದರ ಹೊರಮೈ ಈಗ ಆಕೆಯ ಕಡೆಗೆ ತಿರುಗಿತ್ತು. ಇಷ್ಟು ವರ್ಷ ಒಳಗಿನಿಂದ ತಳ್ಳಿ ತೆರೆದ, ಒಳಗಿನಿಂದ ಎಳೆದು ಚಿಲಕ ಹಾಕಿದ ಬಾಗಿಲು. ಅದಕ್ಕೊಂದು ಹೊರಮೈ ಇದೆಯೆಂಬುದನ್ನೇ ಆಕೆ ಗಮನಿಸಿರಲಿಲ್ಲ. ಬಿಸಿಲಿಗೆ ಬಣ್ಣ ಹೋಗಿ, ಮಳೆಗೆ ನಾರೆದ್ದು, ಹಿಡಿಯಿಲ್ಲದೆ, ಚಿಲಕವಿಲ್ಲದೆ, ಬರಿಯ ಹಲಗೆ. ಹೊರಗಿದ್ದವರಿಗೆ ಇಷ್ಟು ದಿನ ಕಂಡದ್ದು ಇದೇ ಎಂದು ಯೋಚಿಸಿದಾಗ, ಆಪರೇಷನ್ ಮೇಜಿನ ಮೇಲೆ ಅರಿವೆ ತೆಗೆದು ಮಲಗಿಸಿದ ರೋಗಿಯ ನಾಚಿಕೆಯಂಥದೊಂದು ಆಕೆಯ ಕಿವಿಯವರೆಗೆ ಏರಿತು. ಸೆರಗನ್ನು ಸರಿಮಾಡಿಕೊಂಡಳು. ನೋಡುವವರು ಯಾರೂ ಇರಲಿಲ್ಲ.

ಬಡಗಿ ಹೋಗುವ ಮೊದಲು ಬಾಯಿ ಜಾರಿ ಒಂದು ಮಾತು ಆಡಿಬಿಟ್ಟಿದ್ದ. ‘ಬೆಳಗ್ಗೆ ಗೋಡೆ ಬಿದ್ದ ಸದ್ದಿಗೆ ಆ ಕಡೆ ಹುಡುಗರೆಲ್ಲ ಎದ್ದುಬಿದ್ದು ಓಡಿಬಂದ್ರು ನೋಡಿ. ಗೆರೆ ಅಜ್ಜಿ ಗೋಡೆ ಬಿತ್ತು, ಗೆರೆ ಅಜ್ಜಿ ಗೋಡೆ ಬಿತ್ತು ಅಂತ ಒಂದೇ...’ ಅಲ್ಲಿಗೆ ನಾಲಿಗೆ ಕಚ್ಚಿಕೊಂಡು ಉಳಿಯ ಮೊನೆಯನ್ನು ಪರೀಕ್ಷಿಸತೊಡಗಿದ. ‘ಯಾರು ಗೆರೆ ಅಜ್ಜಿ?’ ಎಂದು ಆಕೆ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಗೋಡೆ ಹಾರಿ ಬಂದ ಚೆಂಡು, ಚೆಂಡಿನ ಹಿಂದೆ ಗೋಡೆಯ ಮೇಲೆ ಮೂಡುವ ಎರಡು ಕೈ, ಆಮೇಲೆ ಎರಡು ಕಣ್ಣು. ಅಡಿಗೆಮನೆಯ ಬಾಗಿಲು ಧಡಾರನೆ ಹೊರಕ್ಕೆ ತೆರೆದು, ‘ಗೆರೆ ದಾಟಿದರೆ ನೋಡು!’ ಎಂಬ ತನ್ನದೇ ಧ್ವನಿ. ಆ ಧ್ವನಿಯಲ್ಲಿ ಆಕೆಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ವಾರ್ಡಿನ ಆ ತುದಿಯಲ್ಲಿ ಬಿದ್ದ ಟ್ರೇಯ ಸದ್ದನ್ನು ಈ ತುದಿಯಿಂದ ಅಡಗಿಸುತ್ತಿದ್ದ ಧ್ವನಿ ಅದು. ಎಷ್ಟು ಮಕ್ಕಳು ಅದಕ್ಕೆ ಹೆದರಿ ಚೆಂಡನ್ನು ಬಿಟ್ಟು ಇಳಿದುಹೋಗಿದ್ದವೋ. ತಮ್ಮದೇ ನೆಲದ ಮೇಲೆ ಬಿದ್ದ ತಮ್ಮದೇ ಚೆಂಡನ್ನು.

ಅಳತೆಯವನು ಬಂದ ದಿನವೂ ಇಂಥದ್ದೇ ಗಾಳಿಯಿಲ್ಲದ ಬೆಳಗು. ಆಚೆಯ ವಸತಿ ಮಂಡಳಿಯ ಮನೆಗಳಿಗೆ ಹೊಸ ದಾರಿ ಮಾಡಬೇಕೆಂದು ಹೊರಟಾಗ ನಕ್ಷೆಯಲ್ಲಿದ್ದ ಅಗಲ ನೆಲದ ಮೇಲೆ ಸಿಕ್ಕಿರಲಿಲ್ಲ. ಎಲ್ಲಿ ಹೋಯಿತು ಎಂದು ಹುಡುಕಲು ಮಂಡಳಿಯವರು ಆತನನ್ನು ಕಳಿಸಿದ್ದರು. ಆತ ಮೂರು ಕಾಲಿನ ಯಂತ್ರವನ್ನು ಅಲ್ಲಿ ನಿಲ್ಲಿಸಿ, ಇಲ್ಲಿ ನಿಲ್ಲಿಸಿ, ಬೆವರೊರೆಸಿಕೊಂಡು ಕೊನೆಗೆ ಆಕೆಯ ಮೆಟ್ಟಿಲ ಬಳಿ ಬಗ್ಗಿದ. ‘ಅಮ್ಮಾ, ಸ್ವಲ್ಪ ಈ ಬಕೆಟ್ ತೆಗೀತೀರಾ?’ ಬಕೆಟ್ ಎತ್ತಿದ್ದೇ ತಡ, ಕಲ್ಲಿನ ನೆತ್ತಿಯನ್ನು ಅಂಗೈಯಿಂದ ಉಜ್ಜಿದ, ನೀರು ಸುರಿದ, ಮತ್ತೆ ಉಜ್ಜಿದ, ನಕ್ಕ. ‘ಬಾಂದುಕಲ್ಲು! ನಾವು ಗಡಿ ಎಲ್ಲಿ ಗಡಿ ಎಲ್ಲಿ ಅಂತ ಬೀದಿಯೆಲ್ಲ ಅಗೀತಿದ್ದೀವಿ, ಇದು ಇಲ್ಲಿ ಬಕೆಟ್ ಹೊತ್ಕೊಂಡು ಕೂತಿದೆ.’

‘ಅದು ಚಪ್ಪಲಿ ಉಜ್ಜೋ ಕಲ್ಲು,’ ಎಂದಿದ್ದಳು ಆಕೆ.

‘ಈಗ ಚಪ್ಪಲಿ ಉಜ್ಜೋ ಕಲ್ಲಮ್ಮ. ಅದಕ್ಕೆ ಮುಂಚೆ ಸರ್ಕಾರ.’

ಆಮೇಲೆ ಆತ ಮನೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಾರೆಯಿಂದ ಒಂದಿಷ್ಟು ಅಗೆಸಿದ. ಮೇಲಿನ ಮಣ್ಣು ಸರಿದದ್ದೇ, ಹಾಲಿನ ಕೆನೆಯಂತೆ ಬೆಳ್ಳಗೆ, ಒದ್ದೆಯಾಗಿ, ಸುಣ್ಣ. ಮಂಡಳಿಯ ಕಟ್ಟಡ ಕಟ್ಟುವಾಗ ಇಲ್ಲಿ ಸುಣ್ಣದ ಕಲ್ಲು ಅರಳಿಸುವ ಗುಂಡಿ ತೋಡಿದ್ದಾರೆ. ಕುದಿಯುವ ಸುಣ್ಣಕ್ಕೆ ಕೂಲಿಯವರು ಕಾಲು ಜಾರಿ ಬೀಳಬಾರದೆಂದು ಗುಂಡಿಯ ಆಚೆಗೆ ತಂತಿಬೇಲಿ ಎಳೆದಿದ್ದಾರೆ. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿದವರು ಬೇಲಿ ಕೀಳುವುದನ್ನು ಮರೆತಿದ್ದಾರೆ. ಬೇಲಿ ನಿಂತಲ್ಲೇ ಗಡಿಯೆಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಆತ ಇದನ್ನು ಅಪಘಾತದ ವರದಿ ಓದುವವನಂತೆ ಹೇಳಿದ. ‘ನಿಮ್ಮ ಅಡಿಗೆಮನೆ ಗೋಡೆಯೇ ಗಡಿ. ಆಚೆಗಿರೋದೆಲ್ಲ ಬೋರ್ಡಿನದು. ನೀವೇನೂ ಗಾಬರಿ ಆಗಬೇಡಿ. ಇಷ್ಟು ಕಾಲದಿಂದ ನಿಮ್ಮ ಕೈಯಲ್ಲಿದೆ, ಒಂದು ತಕರಾರು ಹಾಕಿ. ನೀವು ಬದುಕಿರೋವರೆಗೂ ಕೇಸು ಮುಗಿಯಲ್ಲ, ನನ್ನ ಮಾತು ಬರೆದಿಟ್ಟುಕೊಳ್ಳಿ.’ ಆತನದು ಒಳ್ಳೆಯ ಮನಸ್ಸೇ. ಆದರೂ ಯಾರೋ ತನ್ನ ಕೈಯನ್ನು ಇನ್ನೊಬ್ಬರ ಜೇಬಿನೊಳಗೆ ಹಿಡಿದು, ಪರವಾಗಿಲ್ಲ, ಅಲ್ಲೇ ಇರಲಿ ಬಿಡಿ ಅಂದಂತಾಯಿತು ಆಕೆಗೆ.

ಅಪ್ಪನ ಮನೆ ಇದು. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರನ ಮನೆ. ಹಿತ್ತಾಳೆಯ ಬಟ್ಟುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಕೂರಿಸಿದ ಪೆಟ್ಟಿಗೆಯನ್ನು ಹಿಡಿದು ಅಪ್ಪ ಅಂಗಡಿಬೀದಿಗೆ ಇಳಿದರೆ ಒಂದೊಂದೇ ತಕ್ಕಡಿ ನೇರವಾಗುತ್ತಿತ್ತಂತೆ. ಬಟ್ಟಿನ ತಳದಲ್ಲಿ ಒತ್ತಿದ ಮುದ್ರೆ ಸವೆದು ಕೂದಲೆಳೆಯಷ್ಟೇ ಉಳಿದಿದ್ದರೂ ಅಪ್ಪನ ಕಣ್ಣಿಗೆ ಅದು ಕಾಣುತ್ತಿತ್ತು. ಇನ್ನೊಬ್ಬರದು ಗುಲಗಂಜಿಯಷ್ಟೂ ಬೇಡ ಎಂಬುದು ಆ ಮನೆಯಲ್ಲಿ ಉಪದೇಶವಾಗಿರಲಿಲ್ಲ. ಊಟದ ಎಲೆ, ನೀರಿನ ಲೋಟದ ಹಾಗೆ ದಿನದ ಸಾಮಾನಾಗಿತ್ತು. ಅಂಥ ಅಪ್ಪ ಒಂದು ಸಂದಿಯನ್ನು ಕದ್ದಿದ್ದನೆ? ಅಳತೆಯವನು ಯಂತ್ರ ಮಡಚಿಕೊಂಡು ಹೋದ ಮೇಲೆ ಆಕೆಯ ಎದೆಯಲ್ಲಿ ಗರಗಸದಂತೆ ಎಳೆದಾಡಿದ ಪ್ರಶ್ನೆ ಇದೊಂದೇ. ನೆಲದ ಚಿಂತೆ ಆಕೆಗಿರಲಿಲ್ಲ. ನೆಲ ಹೋದರೆ ಹೋಗಲಿ, ಅಪ್ಪ ಹೋಗಬಾರದು. ಗಂಡನಿಲ್ಲದ, ಮಕ್ಕಳಿಲ್ಲದ ಬದುಕಿನಲ್ಲಿ ಆಕೆ ತಲೆಯೆತ್ತಿ ನಡೆದದ್ದು ಆತನ ಮಗಳೆಂದು. ಆ ಸಂಜೆ ದೂರದೂರಿನ ತಮ್ಮನಿಗೆ ಫೋನು ಮಾಡಿದಳು.

‘ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ಕೇಳಿದ ತಕ್ಷಣ ತಟ್ಟೇಲಿಟ್ಟು ಕೊಡ್ತೀನಿ ಅಂತೀಯಲ್ಲ. ಅಪ್ಪನ ಜಾಗ ಅದು.’

‘ಅಪ್ಪನ ಜಾಗ ಅಂದ್ರೆ, ಅಪ್ಪ ಅಲ್ಲಿ ಏನು ಮಾಡಿದ್ರು ಹೇಳು.’

‘ಏನು ಮಾಡಿದ್ರು ಅಂದ್ರೆ...’ ತಮ್ಮ ಆ ಕಡೆ ತಲೆ ಕೆರೆದುಕೊಂಡದ್ದು ಆಕೆಗೆ ಕೇಳಿಸಿದಂತಾಯಿತು. ‘ಏನೂ ಮಾಡಲಿಲ್ಲಪ್ಪ. ನಾನು ಒಂದ್ಸಲ ಗುಲಾಬಿ ಕಡ್ಡಿ ನೆಟ್ಟಿದ್ದೆ, ಕಿತ್ತು ನನ್ನ ಕೈಗೇ ಕೊಟ್ರು, ಅಲ್ಲಿ ಬೇಡ ಅಂತ. ಅಮ್ಮ ಅಲ್ಲಿ ಬಟ್ಟೆ ಒಣಹಾಕಿದ್ರೂ ಮುಖ ಊದಿಸ್ಕೊಳ್ತಿದ್ರು. ಸುಣ್ಣದ ನೆಲ ಅಲ್ವಾ, ಬೇರು ಸುಟ್ಟುಹೋಗುತ್ತೆ ಅಂತ ಇರಬೇಕು.’

‘ಬಟ್ಟೆಗೆ ಬೇರು ಇರುತ್ತೇನೋ?’ ಎಂದಳು ಆಕೆ.

ಫೋನು ಇಟ್ಟಳು. ಸಂಜೆ ಕೆಲಸದಿಂದ ಬಂದ ಅಪ್ಪ ಸಂದಿಯ ಮಗ್ಗುಲಲ್ಲೇ, ಮನೆಯ ಗೋಡೆಗೆ ಭುಜ ತಾಗಿಸಿಕೊಂಡು, ಒಬ್ಬರ ಹೊಲದ ಬದುವಿನ ಮೇಲೆ ನಡೆಯುವವನಂತೆ ನಡೆದು ಬರುತ್ತಿದ್ದದ್ದು ಆಕೆಯ ಕಣ್ಣಿಗೆ ಕಟ್ಟಿತು. ಮೆಟ್ಟಿಲ ಪಕ್ಕದ ಆ ಕಲ್ಲಿಗೆ ಚಪ್ಪಲಿ ಉಜ್ಜಿ ಸುಣ್ಣ ಕಳೆದುಕೊಂಡು, ಆಮೇಲೂ ಅಡಿಗೆಮನೆಯ ನೆಲದ ಮೇಲೆ ಬೆಳ್ಳಗೆ ಮೂಡುತ್ತಿದ್ದ ಆತನ ಅರೆಹೆಜ್ಜೆಗಳು. ದಿನಾ ಕಾಲಿಟ್ಟ ಕಲ್ಲಿನ ನೆತ್ತಿಯ ಗೆರೆಗಳು, ಕೂದಲೆಳೆಯ ಮುದ್ರೆ ಕಾಣುವ ಆ ಕಣ್ಣಿಗೆ ಕಾಣಲಿಲ್ಲವೆ? ಕಂಡಿತ್ತು. ಕಂಡದ್ದರಿಂದಲೇ ಅಲ್ಲಿ ಗುಲಾಬಿಯಿಲ್ಲ, ಒದ್ದೆ ಬಟ್ಟೆಯಿಲ್ಲ, ಒಂದು ಮಣೆಯನ್ನೂ ಆತ ಇಡಗೊಡಲಿಲ್ಲ. ಕೇಳಲಿ, ಕೊಡುತ್ತೇನೆ ಎಂದು ಕಾದಿರಬೇಕು. ತಾನಾಗಿ ಯಾರ ಬಾಗಿಲಿಗೂ ಹೋಗಿ ನಿಲ್ಲುವ ಜಾತಿಯಲ್ಲ ಆತ. ಕೇಳುವುದಕ್ಕೆ ಆ ಕಡೆಯವರಿಗೂ ಗೊತ್ತಿರಲಿಲ್ಲ. ಹಾಗೆ ಆ ನೆಲ ಯಾರದೂ ಆಗದೆ, ಇಬ್ಬರ ನಡುವಿನ ಮೌನದ ಹಾಗೆ ಬಿದ್ದುಕೊಂಡಿತ್ತು. ಆತ ತೀರಿಕೊಂಡ ಮೇಲೆ ತುಕ್ಕು ಹಿಡಿದ ಬೇಲಿ ಮುರಿದು ಬಿದ್ದಾಗ ಗಾರೆಯವರನ್ನು ಕರೆಸಿದ್ದು ತಾನು. ‘ಇದು ನಮ್ಮಪ್ಪನ ಗಡಿ, ಒಂದು ಕೂದಲೂ ಆಚೆ ಈಚೆ ಆಗಬಾರದು’ ಎಂದು ದಾರ ಹಿಡಿದು ನಿಂತದ್ದು ತಾನು. ಅಪ್ಪ ಎಂದೂ ಎತ್ತದ ಗೋಡೆಯನ್ನು ಅಪ್ಪನ ಹೆಸರಿನಲ್ಲಿ ಎತ್ತಿದ್ದಳು. ಇದು ಹೊಳೆದಾಗ ಆಕೆಗೆ ಎಂಥ ಹಗುರವಾಯಿತೆಂದರೆ, ಆ ಹಗುರಕ್ಕೇ ನಾಚಿಕೆಯಾಯಿತು. ಅಪ್ಪ ಉಳಿದಿದ್ದ. ಹೋದವಳು ತಾನು, ತನ್ನನ್ನು ತಾನು ನೋಡಿಕೊಳ್ಳಬಲ್ಲಳು. ಮರುದಿನವೇ ಗೋಡೆ ಒಡೆಯಲು ಇಬ್ಬರಿಗೆ, ಬಾಗಿಲು ತಿರುಗಿಸಲು ಬಡಗಿಗೆ ಹೇಳಿಕಳಿಸಿದಳು.

ಬಾಗಿಲು ಯಾಕೆ ತಿರುಗಿಸಬೇಕೆಂಬುದು ಬಡಗಿಗೆ ಇನ್ನೂ ಅರ್ಥವಾಗಿರಲಿಲ್ಲ. ಸ್ಕ್ರೂ ಪೊಟ್ಟಣ ಹಿಡಿದು ಬಂದವನು ಮತ್ತೆ ಅದೇ ರಾಗ ತೆಗೆದ. ‘ಚೆನ್ನಾಗಿ ಹೊರಕ್ಕೆ ತೆಗೀತಿದ್ದ ಬಾಗಿಲಮ್ಮ ಇದು. ಒಳಕ್ಕೆ ಮಾಡಿದ್ರೆ ಮಳೆ ನೀರು ಸೀದಾ ಒಲೆ ಹತ್ರ ಬಂದು ಕೂರುತ್ತೆ. ಚೌಕಟ್ಟಿಗೆ ಬೇರೆ ಹೊಸ ಪಟ್ಟಿ ಹೊಡೀಬೇಕು.’

‘ನೀರು ಬಂದರೆ ಒರೆಸ್ತೀನಿ. ಆ ಕಡೆ ನೆಲ ನನ್ನದಲ್ಲ. ನನ್ನ ಬಾಗಿಲು ಇನ್ನೊಬ್ಬರ ಜಾಗದಲ್ಲಿ ಆಡಬಾರದು.’

‘ಗಾಳೀಲಿ ತಾನೇ ಆಡೋದು, ನೆಲದ ಮೇಲೆ ಅಲ್ವಲ್ಲ,’ ಎಂದ ಆತ ಆಕೆಯ ಮುಖ ನೋಡಿ, ಬಾಗಿಲ ಕಡೆ ತಿರುಗಿ, ‘ಬಾರಮ್ಮ ತಾಯಿ, ನಿನಗೆ ಒಳಗೇ ಬರೋ ಯೋಗ’ ಎಂದು ಅದನ್ನು ಮಗ್ಗುಲಾಗಿಸಿ ಕೀಲು ಜಡಿಯಲು ಕೂತ. ಆ ಸುತ್ತಿಗೆಯ ಪೆಟ್ಟುಗಳ ನಡುವೆಯೇ ಮುಂಬಾಗಿಲ ಗಂಟೆ ಬಾರಿಸಿತು.

ಮಂಡಳಿಯ ಮನೆಗಳ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದವಳು ಒಬ್ಬಳು ಬಸ್ ಕಂಡಕ್ಟರ್. ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದಳು. ಎದೆಯ ಜೇಬಿನಿಂದ ಸೀಟಿಯ ದಾರ ಇಳಿಬಿದ್ದಿತ್ತು. ಮೇಟ್ರನ್ ಅವಳನ್ನು ಮುಂದಿನ ಕೋಣೆಯಲ್ಲಿ ನಿಲ್ಲಿಸಿ ಮಾತಾಡಬಹುದಿತ್ತು, ಹಿಂದೆ ಹಾಗೆಯೇ ಮಾಡಿದ್ದಳು. ಇಂದು ಯಾಕೋ ಸೀದಾ ಅಡಿಗೆಮನೆಗೆ ಕರೆತಂದಳು. ಬಾಗಿಲಿಲ್ಲದ ಚೌಕಟ್ಟನ್ನೂ ಅದರಾಚೆಯ ಒಡೆದ ಗೋಡೆಯನ್ನೂ ಒಳಗಿನಿಂದ ಮೊದಲ ಸಲ ನೋಡಿದ ಕಂಡಕ್ಟರ್, ‘ಓಹೋ, ನಮ್ಮ ಮನೆ ಇಲ್ಲಿಂದ ಹೀಗೆ ಕಾಣುತ್ತಾ!’ ಎಂದಳು. ಹಗ್ಗದ ಮೇಲಿನ ಹಳದಿ ಅಂಗಿ ಅವಳ ಮೊಮ್ಮಗುವಿನದಿರಬೇಕು.

‘ಇದೇನು ಮೇಟ್ರನ್ನಮ್ಮ, ಬಸ್ಸಿಂದ ಇಳಿದರೆ ನಮ್ಮ ಹುಡುಗರೆಲ್ಲ ಇಟ್ಟಿಗೆ ಹೊತ್ಕೊಂಡು ಓಡಾಡ್ತಿದ್ದಾರೆ.’

‘ಗೋಡೆ ನನ್ನದು. ಒಡೆಸ್ತಿದ್ದೀನಿ. ಕೂತ್ಕೋ.’

‘ನಿಂತೇ ಅಭ್ಯಾಸ. ಕೂತರೆ ನಿದ್ದೆ ಬರುತ್ತೆ.’ ಅವಳು ಗೋಡೆಗೆ ಒರಗಿ, ಚಲಿಸುವ ಬಸ್ಸಿನಲ್ಲಿರುವಂತೆ ಕಾಲು ಅಗಲಿಸಿ ನಿಂತಳು. ‘ಗೋಡೆ ನಿಮ್ಮದೇ, ಇಲ್ಲ ಅನ್ನಲ್ಲ. ಅದು ನಿಂತಿರೋ ನೆಲ ನಮ್ಮದಂತೆ. ಅದಕ್ಕೇ ಬಂದೆ. ನಿನ್ನೆ ಸಂಘದ ಮೀಟಿಂಗ್ ಆಯ್ತು. ಒಬ್ಬಿಬ್ಬರು ಹಾರಾಡಿದ್ರು, ಆಮೇಲೆ ಎಲ್ಲರೂ ಒಪ್ಪಿದ್ರು. ವಯಸ್ಸಾದವರು, ಒಬ್ಬರೇ ಇದ್ದಾರೆ, ಅವರಿರೋವರೆಗೂ ಗೋಡೆ ಮುಟ್ಟೋದು ಬೇಡ ಅಂತ. ಬೋರ್ಡಿನವರಿಗೂ ಹಾಗೇ ಹೇಳ್ತೀವಿ.’

‘ನಾನಿರೋವರೆಗೂ.’

‘ಹೂಂ.’

‘ಅಂದ್ರೆ ನಾನು ಯಾವಾಗ ಹೋಗ್ತೀನಿ ಅಂತ ಅಷ್ಟು ಮಹಡಿ ಜನ ಗೋಡೆ ನೋಡ್ಕೊಂಡು ಕೂರಬೇಕು.’

‘ಅಯ್ಯೋ, ಬಿಡ್ತು ಅನ್ನಿ!’ ಕಂಡಕ್ಟರ್ ಕೆನ್ನೆ ಕೆನ್ನೆ ಬಡಿದುಕೊಂಡಳು. ಬಡಗಿ ಸುತ್ತಿಗೆಯನ್ನು ಗಾಳಿಯಲ್ಲೇ ನಿಲ್ಲಿಸಿದ.

ಮೇಟ್ರನ್ನಿಗೆ ಸಿಟ್ಟು ಮೂಗಿನ ತುದಿಯವರೆಗೆ ಬಂದು ಅಲ್ಲಿ ನಿಂತಿತು. ಕರುಣೆ. ಆಕೆ ಇತರರಿಗೆ ಬೇಕಾದಷ್ಟು ಹಂಚಿದ್ದಳು, ಗಾಜ್ ಬಟ್ಟೆಯ ಹಾಗೆ, ಹತ್ತಿಯ ಹಾಗೆ. ಅದರ ಗಾತ್ರ, ವಾಸನೆ, ಅದನ್ನು ಸುತ್ತಿಸಿಕೊಳ್ಳುವವನ ಕಣ್ಣು, ಎಲ್ಲ ಆಕೆಗೆ ಗೊತ್ತಿತ್ತು. ತನ್ನ ಮೈಗೇ ಅದು ತಾಗಿದ್ದು ಇದೇ ಮೊದಲು. ‘ಕಾಯಿಸೋದು ನನಗೆ ಹಿಡಿಸಲ್ಲ,’ ಎಂದಳು. ‘ವಾರ್ಡಿನಲ್ಲೂ ನಾನು ಯಾರನ್ನೂ ಕಾಯಿಸಿದವಳಲ್ಲ.’

‘ನಾನು ಹುಟ್ಟುವಾಗ ಬೆಳಗ್ಗಿಂದ ಸಂಜೆವರೆಗೂ ಕಾಯಿಸಿದ್ರಂತೆ. ನಮ್ಮಮ್ಮ ಹೇಳ್ತಿದ್ಲು.’

‘ಕಾಯಿಸಿದ್ದು ನೀನೇ ಇರಬೇಕು. ಬಾ ಅಂದ್ರೆ ಬರೋದಕ್ಕೇ ಒಪ್ಪಿರಲ್ಲ.’

‘ಅದಕ್ಕೇ ಈಗ ಹೊತ್ತಿಗೆ ಸರಿಯಾಗಿ ಬಸ್ ಬಿಡಿಸ್ತೀನಿ,’ ಎಂದು ಅವಳು ನಕ್ಕಳು. ಮೇಟ್ರನ್ ನಗಲಿಲ್ಲ, ಆದರೆ ಮೂಗಿನ ತುದಿಯ ಸಿಟ್ಟು ಅಲ್ಲಿಂದ ಇಳಿದುಹೋಯಿತು. ಕಂಡಕ್ಟರ್ ಧ್ವನಿ ತಗ್ಗಿಸಿದಳು. ‘ಸುಮ್ಮನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬಿಟ್ಟುಕೊಟ್ರಿ, ನಾವು ತಗೊಂಡ್ವಿ ಅಂತಾದ್ರೆ ಬೀದಿಯವರು ಏನಂತಾರೆ? ಮುದುಕಿಯನ್ನ ಹೆದರಿಸಿ ಕಿತ್ಕೊಂಡ್ರು ಅನ್ನಲ್ವಾ? ನಮಗೂ ಒಂದು ಮರ್ಯಾದೆ ಇದೆ.’

‘ಬಿಟ್ಟುಕೊಡೋದಕ್ಕೆ ಅದು ನನ್ನದಾಗಿರಬೇಕಲ್ಲ? ನಿಮ್ಮದು ನಿಮಗೆ. ಇದರಲ್ಲಿ ನಾನು ದೊಡ್ಡವಳಾಗೋದೂ ಬೇಡ, ನೀವು ದೊಡ್ಡವರಾಗೋದೂ ಬೇಡ.’ ಆಕೆ ಬೆರಳೆತ್ತಿ ಚೌಕಟ್ಟಿನಾಚೆಗೆ ತೋರಿಸಿದಳು. ‘ಆ ಮೆಟ್ಟಿಲೂ ನಿಮ್ಮದೇ. ಬೇಕಾದರೆ ಇಟ್ಟುಕೊಳ್ಳಿ, ಬೇಡ ಅಂದ್ರೆ ಕೀಳಿಸಿ. ನಾನು ಹಾರಿ ಇಳೀತೀನಿ.’

‘ಹಾರಿ ಇಳೀತೀರಿ, ಆಮೇಲೆ ನಿಮ್ಮನ್ನ ನಾವು ಹೊರಬೇಕು. ಇರಲಿ ಬಿಡಿ ಮೆಟ್ಟಿಲು. ಇಟ್ಟಿಗೆ ಮಾತ್ರ ಒಂದೂ ಮುಟ್ಟಲ್ಲ. ಹುಡುಗರ ಕೈಲಿ ಜೋಡಿಸಿ ಇಡಿಸಿದ್ದೀನಿ, ನೀವು ಹೇಳಿದಲ್ಲಿಗೆ ತಂದು ಹಾಕ್ತೀವಿ.’

‘ಗೋಡೆ ಮೂಲೆಯ ತಿರುವಿನಲ್ಲಿ ಹಾಸಿಬಿಡಿ ಅದನ್ನ. ಅಲ್ಲಿ ಸುಣ್ಣದ ನೆಲ ಮೆತ್ತಗಿದೆ. ಮಳೆ ಬಂದ್ರೆ ಸ್ಟ್ರೆಚರಿನ ಗಾಲಿ ಹೂತುಕೊಳ್ಳುತ್ತೆ.’

ಸ್ಟ್ರೆಚರ್. ಆ ಪದವನ್ನು ಆಕೆ ಆಡಬೇಕೆಂದಿರಲಿಲ್ಲ. ಅದು ಬಾಯಿಂದ ಬಿದ್ದು, ಅಡಿಗೆಮನೆಯ ನೆಲದ ಮೇಲೆ ಸದ್ದು ಮಾಡುತ್ತ ಉರುಳಿ, ಮೂವರ ನಡುವೆ ನಿಂತುಬಿಟ್ಟಿತು. ಬೇಸಗೆಯ ಒಂದು ಮಧ್ಯಾಹ್ನ. ಕಿಟಕಿಯ ಪರದೆಯ ಹಿಂದೆ ತಾನು. ಗೋಡೆಯಾಚೆ ನಾಲ್ಕಾರು ಗಂಡಸರ ತಲೆ, ಎಲ್ಲರೂ ಒಟ್ಟಿಗೆ ಕೂಗುವ ಗದ್ದಲ. ಇಕ್ಕಟ್ಟಾದ ಆ ಮೂಲೆಯಲ್ಲಿ ಸ್ಟ್ರೆಚರ್ ತಿರುಗುತ್ತಿಲ್ಲ. ಒಮ್ಮೆ ತನ್ನ ಗೋಡೆಗೆ ತಾಗುತ್ತದೆ, ಒಮ್ಮೆ ಎದುರಿನ ಮಹಡಿಮೆಟ್ಟಿಲಿಗೆ. ಕೊನೆಗೆ ಯಾರೋ ಒಂದು ಕುರ್ಚಿ ತಂದರು. ಕಂಡಕ್ಟರಳ ತಾಯಿಯನ್ನು ಅದರಲ್ಲಿ ಕೂರಿಸಿ, ಮೇಲಕ್ಕೆತ್ತಿ ವಾಲಿಸಿದಾಗ, ಗೋಡೆಯ ಮೇಲಿನಿಂದ ಆ ಮುದಿ ತಲೆ ಒಂದು ಕ್ಷಣ ತೇಲಿಹೋಯಿತು. ಬದುಕೆಲ್ಲ ಸ್ಟ್ರೆಚರ್ ತಿರುಗಿಸಿದವಳು ತಾನು. ಎಂಥ ಮೂಲೆಯಲ್ಲೂ, ಎಂಥ ಇಕ್ಕಟ್ಟಿನಲ್ಲೂ. ಹೊರಗೆ ಹೋಗಿ ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಹೋಗಲಿಲ್ಲ. ಯಾರೂ ಕರೆದಿರಲಿಲ್ಲ. ಕರೆಯದೆ ಹೋಗಿ ನಿಲ್ಲುವ ಜಾತಿಯಲ್ಲ ಆಕೆ. ಮುದುಕಿ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಅದಕ್ಕೂ ಆ ಮೂಲೆಗೂ ಸಂಬಂಧವಿಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. ಆದರೆ ಗೊತ್ತಿದ್ದು ಯಾವ ಉಪಯೋಗಕ್ಕೂ ಬಂದಿರಲಿಲ್ಲ.

‘ಅವತ್ತು ನಿಮ್ಮ ಪರದೆ ಅಲ್ಲಾಡ್ತಂತೆ,’ ಎಂದಳು ಕಂಡಕ್ಟರ್. ಆರೋಪದ ಧ್ವನಿಯಲ್ಲ, ಚಿಲ್ಲರೆ ಎಣಿಸದೆ ಕೈಗಿಡುವವಳ ಧ್ವನಿ.

ಮೇಟ್ರನ್ ಕುರ್ಚಿಯ ಹಿಡಿಯನ್ನು ಬಿಗಿಹಿಡಿದಳು. ಸುಳ್ಳು ಹೇಳುವುದು ಆ ಮನೆಯಲ್ಲಿ ಅಭ್ಯಾಸವಿರಲಿಲ್ಲ. ‘ಹೌದು. ನೋಡ್ತಿದ್ದೆ.’

‘ಅಮ್ಮ ನೋಡಿದ್ಲು. ಮೇಲಕ್ಕೆ ಎತ್ತಿದ್ದೇ ಅವಳಿಗೆ ನಿಮ್ಮ ಕಿಟಕಿ ಕಾಣಿಸ್ತು. ಏನಂದ್ಲು ಗೊತ್ತಾ? ಲೇ, ನೆಟ್ಟಗೆ ಹಿಡೀರೋ, ಮೇಟ್ರನ್ನಮ್ಮ ನೋಡ್ತಿದ್ದಾರೆ ಅಂದ್ಲು. ಅಷ್ಟು ಹೊತ್ತು ಅಯ್ಯೋ ಅಪ್ಪಾ ಅಂತಿದ್ದೋಳು ಬಾಯಿ ಮುಚ್ಚಿದ್ಲು ನೋಡಿ. ಸೆರಗು ಎಳ್ಕೊಂಡ್ಲು, ಬೆನ್ನು ನೆಟ್ಟಗೆ ಮಾಡಿದ್ಲು. ನನ್ನ ಹೆರುವಾಗ ನೀವು ಬೈದಿದ್ರಂತಲ್ಲ, ಕಿರುಚಬೇಡ, ರಾಣಿ ಹಾಗೆ ಹೆರಬೇಕು ಅಂತ. ಅದನ್ನೇ ನೆನೆಸ್ಕೊಂಡು, ಈಗ್ಲೂ ರಾಣಿ ಹಾಗೆ ಹೋಗ್ತೀನಿ, ಮದುವೇಲೂ ನನ್ನ ಇಷ್ಟು ಜನ ಹೊತ್ತಿರಲಿಲ್ಲ ಅಂತ ನಗಾಡ್ಕೊಂಡೇ ಆಂಬುಲೆನ್ಸ್ ಹತ್ತಿದ್ಲು.’

ಬಡಗಿ ಕೀಲಿನ ಕಡೆಗೇ ನೋಡುತ್ತಿದ್ದ. ಹೊರಗೆ ಎಲ್ಲೋ ಒಂದು ಮಗು ಇಟ್ಟಿಗೆಗಳನ್ನು ಒಂದರ ಮೇಲೊಂದು ಇಡುವ ಟಕ್ ಟಕ್ ಸದ್ದು. ಮೇಟ್ರನ್ನಿಗೆ ಆ ಹೆರಿಗೆ ನೆನಪಿರಲಿಲ್ಲ, ಆ ಮಾತೂ ನೆನಪಿರಲಿಲ್ಲ. ಎಷ್ಟೋ ಜನಕ್ಕೆ ಹೇಳಿದ ಮಾತು. ಅದನ್ನು ಒಬ್ಬಳು ಕೊನೆಯವರೆಗೆ ಒಡವೆಯಂತೆ ಇಟ್ಟುಕೊಂಡು, ಹೋಗುವಾಗ ಧರಿಸಿಕೊಂಡು ಹೋಗಿದ್ದಳು. ಪರದೆಯ ಹಿಂದೆ ತಾನು ಯಾವ ಬೆನ್ನನ್ನು ಬಗ್ಗಿಸದೆ ನಿಂತಿದ್ದಳೋ ಅದನ್ನು ನೋಡಿ ಆಚೆಯವಳು ತನ್ನ ಬೆನ್ನನ್ನು ನೆಟ್ಟಗೆ ಮಾಡಿಕೊಂಡಿದ್ದಳು. ಇದು ಕ್ಷಮೆಯೋ ಶಿಕ್ಷೆಯೋ ಆಕೆಗೆ ತಿಳಿಯಲಿಲ್ಲ. ‘ನನ್ನ ಕರೀಬಹುದಿತ್ತು’ ಎಂದಳು.

‘ಕರೀಬಹುದಿತ್ತು,’ ಎಂದಳು ಕಂಡಕ್ಟರ್. ‘ನೀವೂ ಬರಬಹುದಿತ್ತು.’

ಮೇಟ್ರನ್ ಕುರ್ಚಿಯಿಂದೆದ್ದು ಚೌಕಟ್ಟಿನ ಬಳಿ ಹೋಗಿ ನಿಂತಳು. ಒಡೆದ ಮೂಲೆಯನ್ನು ಕಣ್ಣಿನಲ್ಲೇ ಅಳೆದಳು, ಬೆಳಗಿನಿಂದ ಅಳೆಯುತ್ತಲೇ ಇದ್ದಳು. ‘ಸದ್ಯಕ್ಕೆ ಇಲ್ಲಿ ಇನ್ನೂ ಒಂದು ಮೊಳ ಒಡೆಸ್ತೀನಿ, ಉಳಿದ ಗೋಡೆ ಆಮೇಲೆ. ಆಗ ಸಲೀಸಾಗಿ ತಿರುಗುತ್ತೆ. ಆದರೆ ತಿರುಗಿಸೋದು ಗೊತ್ತಿರಬೇಕು. ಅವತ್ತು ತಲೆ ಕಡೆ ಇದ್ದವರು ಮೊದಲು ನುಗ್ಗಿದ್ರು, ಅದೇ ತಪ್ಪು. ಕಾಲು ಕಡೆಯವರು ಮುಂದೆ ಹೋಗಬೇಕು. ಮೂಲೆಗೆ ಬಂದ ಮೇಲೆ ತಲೆ ಕಡೆಯವರು ನಿಂತಲ್ಲೇ ನಿಂತು, ಕಾಲು ಕಡೆಯವರನ್ನ ಸುತ್ತು ಬರೋದಕ್ಕೆ ಬಿಡಬೇಕು. ಮಾತಾಡೋದು ಒಬ್ಬರೇ. ಎಲ್ಲರೂ ಕೂಗಿದ್ರೆ ರೋಗಿಗೆ ಹೆದರಿಕೆ.’ ಎರಡೂ ಕೈಗಳನ್ನು ಮುಂದೆ ಚಾಚಿ, ಇಲ್ಲದ ಸ್ಟ್ರೆಚರೊಂದನ್ನು ಹಿಡಿದು, ಆಕೆ ಹೊಸ್ತಿಲ ಮೇಲೆ ನಿಧಾನ ತಿರುಗಿ ತೋರಿಸಿದಳು. ಆ ತಿರುವಿನಲ್ಲಿ ಒಂದು ಕೂದಲಷ್ಟೂ ವಾಲಿರಲಿಲ್ಲ, ಯಾರೂ ಬಿದ್ದಿರಲಿಲ್ಲ.

‘ಭಾನುವಾರ ಬಂದು ಎಲ್ಲರಿಗೂ ಹೇಳಿಕೊಡಿ,’ ಎಂದಳು ಕಂಡಕ್ಟರ್.

‘ಕರೆದರೆ ಬರ್ತೀನಿ.’

‘ಕರೀದೇ ಇದ್ರೆ?’

ಮೇಟ್ರನ್ ಅವಳ ಕಡೆ ನೋಡಲಿಲ್ಲ. ಬಡಗಿಯ ಕಡೆ ತಿರುಗಿದಳು. ‘ಹೊರಗಡೆಗೂ ಒಂದು ಹಿಡಿ ಹಾಕು.’

‘ಹೊರಗಡೆಗಾ?’ ಬಡಗಿ ತಲೆಯೆತ್ತಿದ. ‘ಹೊರಗಡೆಯಿಂದ ಯಾರು ತೆಗೀತಾರಮ್ಮ ಇದನ್ನ?’

‘ಹಾಕು ಅಂದೆ.’

‘ಹಾಕಬಹುದು. ನನ್ನ ಹತ್ರ ಇದ್ದದ್ದು ಒಂದೇ ಹಿಡಿ. ಅದನ್ನ ಒಳಗಡೆಗೆ ಜಡಿದಾಯ್ತು.’

ಆಕೆ ಒಳಕೋಣೆಗೆ ಹೋಗಿ ಅಪ್ಪನ ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟಳು. ಮುಚ್ಚಳ ತೆರೆದಾಗ ಬಟ್ಟುಗಳು ದೊಡ್ಡದರಿಂದ ಸಣ್ಣದಕ್ಕೆ, ಮನೆಮಂದಿಯೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋದ ಹಾಗೆ ಹೊಳೆದವು. ಮುಚ್ಚಳದ ಮೇಲೆ, ಆತನ ಅಂಗೈ ತಾಗಿ ತಾಗಿ ನಡುವೆ ತೆಳುವಾದ ಹಿತ್ತಾಳೆಯ ಹಿಡಿ. ‘ಇದನ್ನ ಬಿಚ್ಚು. ಪೆಟ್ಟಿಗೆ ಇನ್ನು ಎಲ್ಲಿಗೂ ಹೋಗಲ್ಲ, ಅದಕ್ಕೆ ಹಿಡಿ ಬೇಡ.’ ಬಡಗಿ ಆಕೆಯ ಮುಖವನ್ನೂ ಹಿಡಿಯನ್ನೂ ನೋಡಿ ಸ್ಕ್ರೂಡ್ರೈವರ್ ಎತ್ತಿಕೊಂಡ. ಸ್ಕ್ರೂಗಳು ಕಿರುಗುಟ್ಟುತ್ತ ಒಂದೊಂದೇ ಬಿಚ್ಚಿಕೊಂಡವು. ಬಣ್ಣ ಹೋದ, ನಾರೆದ್ದ ಆ ಹಲಗೆಯ ಮೇಲೆ ಹಿಡಿ ಕೂತಾಗ, ಬಾಗಿಲಿಗೆ ಮೊದಲ ಸಲ ಒಂದು ಮುಖ ಬಂದಂತಾಯಿತು. ಆಮೇಲೆ ಬಡಗಿಯೂ ಕಂಡಕ್ಟರೂ ಸೇರಿ ಬಾಗಿಲನ್ನೆತ್ತಿ ಚೌಕಟ್ಟಿಗೆ ಕೂರಿಸಿದರು. ಅದು ಒಳಕ್ಕೆ ತೆರೆಯಿತು. ಮೊದಲು ತುಸು ತಕರಾರು ಮಾಡಿ, ಆಮೇಲೆ ಒಪ್ಪಿಕೊಂಡು, ಒಲೆಯ ಪಕ್ಕದ ಗೋಡೆಯವರೆಗೆ ಬಂದು ನಿಂತಿತು. ಹೊರಮೈ ಮತ್ತೆ ಆಕೆಯ ಕಡೆಗೆ. ಈ ಸಲ ಆಕೆ ಕಣ್ಣು ತಪ್ಪಿಸಲಿಲ್ಲ.

ಕಂಡಕ್ಟರ್ ಗೋಡೆಯ ಗಡಿಯಾರ ನೋಡಿದಳು. ಸಂಜೆ ಇನ್ನೊಬ್ಬಳ ಪಾಳಿಯನ್ನೂ ತಾನೇ ಮಾಡಬೇಕು, ಅಷ್ಟರಲ್ಲಿ ಒಂದಿಷ್ಟು ಮಲಗೇಳಬೇಕು ಎಂದು ಅಂಗಿಯ ಚುಂಗು ಎಳೆದುಕೊಂಡು, ಅಭ್ಯಾಸದಂತೆ ಬಂದ ಮುಂಬಾಗಿಲ ಕಡೆಗೇ ಹೊರಟಳು.

‘ಆ ಕಡೆ ಯಾಕೆ ಸುತ್ತು?’ ಎಂದಳು ಮೇಟ್ರನ್. ‘ನಿನ್ನ ಮನೆ ಇಲ್ಲೇ ಕಾಣ್ತಿದೆಯಲ್ಲ.’

ಕಂಡಕ್ಟರ್ ನಿಂತಳು. ಹಿಂದಕ್ಕೆ ಬಂದಳು. ಸವೆದ ಹೊಸ್ತಿಲನ್ನು ದಾಟುವಾಗ ಒಂದು ಗಳಿಗೆ ಚೌಕಟ್ಟಿಗೆ ಕೈಯಿಟ್ಟು, ಕೆಳಗಿನ ಕಲ್ಲನ್ನೂ ಅದರ ನೆತ್ತಿಯ ಗೆರೆಗಳನ್ನೂ ನೋಡಿದಳು.

‘ಮೆಟ್ಟಿಲು ನೋಡ್ಕೊಂಡು ಇಳಿ.’

‘ನಮ್ಮ ಮೆಟ್ಟಿಲು ನಮಗೆ ಗೊತ್ತಿಲ್ವಾ ಮೇಟ್ರನ್ನಮ್ಮ?’

ಅವಳು ಇಳಿದಳು. ಸುಣ್ಣದ ನೆಲದ ಮೇಲೆ ನಿಂತು ತಿರುಗಿದಳು. ಒಳಕ್ಕೆ ಕೈ ಚಾಚಿ, ಹೊಸ ಜಾಗದಲ್ಲಿ ಕೂತ ಆ ಹಳೆಯ ಹಿತ್ತಾಳೆಯ ಹಿಡಿಯನ್ನು, ಬಸ್ಸಿನ ಕಂಬಿ ಹಿಡಿಯುವವಳ ಸಲೀಸಿನಿಂದ ಹಿಡಿದಳು. ‘ರೈಟ್,’ ಎಂದಳು, ಬಾಗಿಲಿಗೋ ಆಕೆಗೋ ತಿಳಿಯಲಿಲ್ಲ. ಚೌಕಟ್ಟಿನೊಳಗಿನ ಬೆಳಕು ಕಿರಿದಾಗುತ್ತ ಬಂತು, ಹಳದಿ ಅಂಗಿ, ಅರ್ಧ ಚಕ್ರ, ಖಾಕಿಯ ಒಂದು ತೋಳು, ಒಂದು ಎಳೆ. ನೆಟ್ಟಗೆ ನಿಂತ ಮೇಟ್ರನ್ನಿನ ಎದುರು ಬಾಗಿಲು, ಹೊರಗಿನ ಕೈಯೊಂದು ಎಳೆದಂತೆ, ಮೆಲ್ಲಗೆ ಮುಚ್ಚಿತು.